ಮಾನಿಟರ್‌ಗೆ ಮೂರು ಕೊಟೇಶನ್

ಹಿರೇಹಳ್ಳಿಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಖರೀದಿ ವಿಭಾಗದ ಗುಮಾಸ್ತನಾಗಿದ್ದೆ. ವಿಭಾಗ ಎಂದರೆ ದೊಡ್ಡದೇನಲ್ಲ. ನಾನು, ಒಂದು ಮೇಜು, ಬಾಗಿಲು ಸರಿಯಾಗಿ ಮುಚ್ಚದ ಒಂದು ಕಬ್ಬಿಣದ ಬೀರು. ಆದರೆ ಅಲ್ಲಿ ಒಂದು ಕಟ್ಟಳೆಯಿತ್ತು. ನಟ್ಟು, ಬೋಲ್ಟು, ಗ್ರೀಸು, ಕೊನೆಗೆ ಕಕ್ಕಸು ತೊಳೆಯುವ ಫಿನಾಯಿಲ್ ಕೂಡ ಮೂರು ಅಂಗಡಿಗಳಿಂದ ಕೊಟೇಶನ್ ತರಿಸದೆ ಕೊಳ್ಳುವ ಹಾಗಿರಲಿಲ್ಲ. ಮೂರನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದು, ಕಡಿಮೆ ಬೆಲೆಯದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಮ್ಯಾನೇಜರ್ ಮುಂದಿಟ್ಟರೆ ನನ್ನ ಕೆಲಸ ಮುಗಿಯಿತು. ಈ ಅಭ್ಯಾಸ ಕಾರ್ಖಾನೆಯ ಗೇಟಿನಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮನೆಗೆ ಕುಕ್ಕರ್ ತರುವಾಗಲೂ ಮೂರು ಅಂಗಡಿ, ದಿಂಬಿಗೆ ಹತ್ತಿ ತುಂಬಿಸುವಾಗಲೂ ಮೂರು ಅಂಗಡಿ.

“ನಂಗೆ ಗಂಡು ನೋಡೋವಾಗ ನಮ್ಮಪ್ಪ ಒಂದೇ ಕೊಟೇಶನ್ ತರ್ಸಿದ್ದು. ಅದೇ ತಪ್ಪಾಗಿದ್ದು” ಎಂದು ನನ್ನ ಹೆಂಡತಿ ರೇಗಿಸುತ್ತಿದ್ದಳು.

ಅವಳು ಕುಣಿಗಲ್ಲಿನವಳು. ತೊಂಬತ್ತರ ದಶಕದ ಮೊದಲಲ್ಲಿ, ಮದುವೆಗೆ ಮುಂಚೆ, ಅಲ್ಲಿಯೇ ಕನ್ನಡ ಟೈಪಿಂಗ್ ಕಲಿತು ಸೀನಿಯರ್ ಪಾಸು ಮಾಡಿಕೊಂಡಿದ್ದಳು. ತುಮಕೂರಿನ ಬಟವಾಡಿಯಲ್ಲಿ ನಾವು ಬಾಡಿಗೆಗಿದ್ದ ಮಹಡಿ ಮನೆಯ ನಡುಮನೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು, ಊರಿನ ಎರಡು ಪ್ರೆಸ್ಸುಗಳಿಗೆ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಪತ್ರ ಎಲ್ಲವನ್ನೂ ಟೈಪು ಮಾಡಿಕೊಡುತ್ತಿದ್ದಳು. ಬೆರಳು ತನ್ನ ಪಾಡಿಗೆ ತಾನು ಓಡುತ್ತಿತ್ತು. ಒತ್ತಕ್ಷರ ತಪ್ಪಿದರೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಮುಖ ಮಾಡುತ್ತಿದ್ದಳು. ಅವಳು ಕೊಟ್ಟ ಪ್ರತಿಯನ್ನು ಪ್ರೆಸ್ಸಿನವರು ಮತ್ತೆ ಓದುತ್ತಲೇ ಇರಲಿಲ್ಲ, ನೇರ ಮಿಶಿನ್ನಿಗೆ. ಆ ಹೆಸರು ಅವಳಿಗೆ ಚಿನ್ನದ ಬಳೆಗಿಂತ ಹೆಚ್ಚಾಗಿತ್ತು, ನನಗೂ ಹೆಮ್ಮೆಯೇ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಆಗಿತ್ತು. ಆಗ ಶುರುವಾಯಿತು ಕಣ್ಣಿನ ರಗಳೆ. ಸಂಜೆ ಹೊತ್ತಿಗೆ ಹುಬ್ಬಿನ ಮೇಲೆ ನೋವು ಎನ್ನುತ್ತಿದ್ದಳು. ಕಣ್ಣು ಮಂಜು ಎನ್ನುತ್ತಿದ್ದಳು. “ಬಲ್ಬಿನ ಸುತ್ತ ಬಣ್ಣದ ಬಳೆ ಥರ ಕಾಣ್ತದೆ ಕಣ್ರೀ” ಎಂದು ಒಂದು ದಿನ ಹೇಳಿದಳು. ನಾನು ಪೇಪರಿನಿಂದ ತಲೆ ಎತ್ತದೆ, “ಹೀಟು ಕಣೇ, ಮಾನಿಟರ್ ಹೀಟು” ಎಂದೆ.

ನಮ್ಮ ಕಡೆ ಕಣ್ಣಿಗೆ ಏನೇ ಬಂದರೂ ಅದು ಉಷ್ಣವೇ. ಕಣ್ಣು ಕೆಂಪಾದರೆ ಉಷ್ಣ, ನೀರು ಸುರಿದರೆ ಉಷ್ಣ, ಒಣಗಿದರೂ ಉಷ್ಣ. ಕುಣಿಗಲ್ಲಿನಿಂದ ನಮ್ಮತ್ತೆ ಫೋನಿನಲ್ಲೇ ವೈದ್ಯ ಮಾಡಿದರು: “ನೆತ್ತಿಗೆ, ಅಂಗಾಲಿಗೆ ಹಳ್ಳೆಣ್ಣೆ ತಿಕ್ಕವ್ವ. ಆ ಡಬ್ಬದ್ ಮುಂದೆ ಕುಂತೂ ಕುಂತೂ ಕಣ್ ಕಾದೋಗವೆ.” ಅವಳು ಹರಳೆಣ್ಣೆ ತಿಕ್ಕಿಕೊಂಡಳು. ಕೊತ್ತಂಬರಿ ಬೀಜ ನೆನೆಸಿದ ನೀರು ಕುಡಿದಳು. ಕಣ್ಣ ಮೇಲೆ ಸೌತೆಕಾಯಿ ಹೋಳಿಟ್ಟುಕೊಂಡು ಮಲಗಿದಳು. ಕನ್ನಡಕದಂಗಡಿಯವನು ನಲವತ್ತು ಹತ್ತಿರ ಬಂತಲ್ಲ, ಚಾಳೀಸು ಅಷ್ಟೇ ಎಂದು ಒಂದು ಕನ್ನಡಕ ಕೊಟ್ಟ. ಆರೇ ತಿಂಗಳಿಗೆ ನಂಬರು ಬದಲಾಯಿಸಿದ. ಮತ್ತೆ ಬದಲಾಯಿಸಿದ. ಆಗಲೂ ನನ್ನ ತಲೆಯೊಳಗೆ ಗಂಟೆ ಬಾರಿಸಲಿಲ್ಲ.

ಆಮೇಲೆ ಆ ಲಗ್ನಪತ್ರಿಕೆ ಬಂತು. “ತಾವು ಸಕುಟುಂಬ ಸಪರಿವಾರ ಸಮೇತ” ಎಂದು ಒಂದು ಸಾಲು ಮುಗಿದು, ಮುಂದಿನ ಸಾಲಿನ ಮೊದಲ ಪದ “ಆಗಮಿಸಿ” ಎಂದಿರಬೇಕು. ಅಚ್ಚಾಗಿದ್ದು “ಗಮಿಸಿ” ಎಂದು. ಒಂದು ಅಕ್ಷರ ಬಿಟ್ಟುಹೋಗಿ, ಬನ್ನಿ ಎನ್ನುವ ಬದಲು ಹೆಂಡತಿ ಮಕ್ಕಳನ್ನೆಲ್ಲ ಕಟ್ಟಿಕೊಂಡು ಹೊರಟುಹೋಗಿ ಎಂದಾಗಿತ್ತು. ಹುಡುಗಿಯ ಸೋದರಮಾವ ಪ್ರೆಸ್ಸಿಗೆ ಬಂದು ಕಾರ್ಡಿನ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದನಂತೆ. ಪ್ರೆಸ್ಸಿನ ಮಾಲೀಕರು ನಮ್ಮ ಮನೆಗೆ ಬಂದವರು ಮೊದಲು ನಕ್ಕರು. ನಾನೂ ನಕ್ಕೆ. ಅವಳು ಮಾತ್ರ ಕಾರ್ಡನ್ನು ಕಣ್ಣ ಹತ್ತಿರ ಹಿಡಿದು, ದೂರ ಹಿಡಿದು, ಓರೆ ಮಾಡಿ ನೋಡಿದಳು. “ನಾನು ಎರಡ್ ಸಲ ಓದಿದ್ನಲ್ಲ” ಎಂದಳು.

ನಾನು ತಮಾಷೆಗೆ, “ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಇನ್ನು ಕಣ್ಣಿನ್ ಮೇಲೆ ಹಾಕ್ಬೇಡ” ಎಂದುಬಿಟ್ಟೆ. ಆ ಮಾತನ್ನು ಈಗ ನುಂಗೋಣವೆಂದರೆ ಗಂಟಲಲ್ಲಿ ಇಳಿಯುವುದಿಲ್ಲ.

ಮಾಲೀಕರು ಹೋಗುವಾಗ ಮೆಟ್ಟಿಲಲ್ಲಿ ನಿಂತು ನನ್ನೊಬ್ಬನಿಗೇ ಹೇಳಿದರು: “ಇನ್ನೊಂದ್ ಸಲ ಹಿಂಗಾದ್ರೆ ಕಷ್ಟ ಸಾರ್. ಈ ಹಳೇ ಡಬ್ಬ ಮಾನಿಟರ್ ಎಸೀರಿ. ಎಲ್‌ಸಿಡಿ ತಗೊಳ್ಳಿ. ಕಣ್ಣಿಗೆ ತಂಪು.”

ತಂಪು! ಆ ಒಂದು ಮಾತು ಸಾಕಾಯಿತು. ರೋಗ ಉಷ್ಣ, ಮದ್ದು ತಂಪು; ಲೆಕ್ಕ ಸರಿಹೋಯಿತು. ಅವಳ ಕಣ್ಣು, ಅವಳ ಕೆಲಸ ಎರಡನ್ನೂ ಉಳಿಸುವ ಸಾಮಾನು ಅಂಗಡಿಯಲ್ಲಿ ಸಿಗುತ್ತದೆ, ಕೊಳ್ಳುವುದರಲ್ಲಿ ನಾನು ಪಳಗಿದ ಕೈ. ಎಷ್ಟೋ ದಿನಗಳ ಮೇಲೆ ನನಗೆ ಉತ್ಸಾಹ ಬಂತು. ಹೊಸ ಹಾಳೆ ತೆಗೆದು ಮೂರು ಕಾಲಂ ಎಳೆದೆ: ತುಮಕೂರು, ಗುಬ್ಬಿ, ಕುಣಿಗಲ್.

ತುಮಕೂರಿನ ಅಂಗಡಿ ಒಬ್ಬ ಸಾಹೇಬರದು. ಅವರ ತಂದೆ ಅದೇ ಜಾಗದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು, ಇವರು ಕಂಪ್ಯೂಟರ್ ಜೋಡಿಸಿಕೊಡುತ್ತಿದ್ದರು. ಗೋಡೆಯುದ್ದಕ್ಕೂ ಐದು ಮಾನಿಟರ್ ಉರಿಯುತ್ತಿದ್ದವು, ಐದರಲ್ಲೂ ಒಂದೇ ಹಸಿರು ಗುಡ್ಡ. ಹದಿನೈದು ಇಂಚು, ಹದಿನೇಳು ಇಂಚು. ಇದರ ಬೆಳಕು ಹೆಚ್ಚು, ಅದರ ವಾರಂಟಿ ಹೆಚ್ಚು. ಇದನ್ನು ಪಕ್ಕದಿಂದ ನೋಡಿದರೆ ಬಣ್ಣ ಬಾಡುತ್ತದೆ, ಅದು ಬಾಡುವುದಿಲ್ಲ. ಸಾಹೇಬರು ತಾಳ್ಮೆಯಿಂದ ವಿವರಿಸಿದರು. ನಾನು ಎಡಕ್ಕೆ ಬಾಗಿ ನೋಡಿದೆ, ಬಲಕ್ಕೆ ಬಾಗಿ ನೋಡಿದೆ, ಕುಕ್ಕರಗಾಲಲ್ಲಿ ಕೂತೂ ನೋಡಿದೆ. ಕೊನೆಗೆ ಅವಳನ್ನು ಮುಂದೆ ಬಿಟ್ಟು, “ನೀನೇ ಹೇಳು, ಯಾವುದು ಚೆನ್ನಾಗಿದೆ?” ಎಂದೆ.

ಅವಳು ಒಂದೊಂದರ ಮುಂದೂ ನಿಂತಳು. “ಎಲ್ಲಾ ಒಂದೇ ಥರ ಕಾಣ್ತವೆ ಕಣ್ರೀ. ಕಡ್ಮೆದು ಯಾವ್ದೋ ಅದನ್ನೇ ತಗೊಳ್ಳಿ” ಎಂದಳು.

ಎಂಥ ಸಂಸಾರಸ್ಥೆ ಎಂದು ಒಳಗೊಳಗೇ ಬೀಗಿದೆ. ಸಾಹೇಬರು, “ಅಕ್ಕ ಹೇಳ್ದಂಗೆ ಇದೊಂದು ತಗೊಂಡೋಗಿ ಸಾರ್, ಇವತ್ತೇ ಫಿಟ್ ಮಾಡ್ಕೊಡ್ತೀನಿ” ಎಂದರು. ಅದು ಯುಗಾದಿಯಾಗಿ ಒಂದು ವಾರದ ಮಾತು. ಅವತ್ತೇ ತಂದಿದ್ದರೆ ಏನಾಗುತ್ತಿತ್ತೋ ಅದನ್ನು ನಾನು ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ. ಅವತ್ತು ಮಾತ್ರ, “ಕೊಟೇಶನ್ ಬರೆದುಕೊಡಿ ಭಾಯ್, ಇನ್ನೆರಡು ಕಡೆ ನೋಡ್ಬೇಕು” ಎಂದು ಬರೆಸಿಕೊಂಡು ಬಂದೆ.

ಗುಬ್ಬಿಗೆ ಹೋಗಲು ತಿಂಗಳ ಮೇಲಾಯಿತು. ಕಾರಣವಿತ್ತು. ಮಾನಿಟರ್ ಬೆಲೆ ಇಳಿಯುತ್ತಾ ಇದೆ, ಕಾದಷ್ಟೂ ಲಾಭ ಎಂದು ಕಾರ್ಖಾನೆಯಲ್ಲಿ ಯಾರೋ ಹೇಳಿದ್ದರು. ನಾನು ಕಾದೆ. ಅವಳು ಅದೇ ಹಳೆಯ ಡಬ್ಬದ ಮುಂದೆ ಕೂತು, ಒಂದು ಕಣ್ಣು ಮುಚ್ಚಿಕೊಂಡು ಟೈಪು ಮಾಡುವುದನ್ನು ಅಭ್ಯಾಸ ಮಾಡಿಕೊಂಡಳು. ಪ್ರೆಸ್ಸಿನಿಂದ ಬರುವ ಕೆಲಸ ಕಡಿಮೆಯಾಗಿತ್ತು. ಬಂದದ್ದನ್ನು ಎರಡು ಸಲವಲ್ಲ, ನಾಲ್ಕು ಸಲ ಓದುತ್ತಿದ್ದಳು.

ಗುಬ್ಬಿಯಲ್ಲಿ ಕೊಬ್ಬರಿ ಮಂಡಿಗಳ ಹಿಂದಿನ ರಸ್ತೆಯಲ್ಲಿ ಮಿಕ್ಸಿ, ಫ್ಯಾನು ಮಾರುವವನೊಬ್ಬ, ಮುಚ್ಚಿಹೋದ ಸೈಬರ್ ಸೆಂಟರಿನ ಎಲ್‌ಸಿಡಿಗಳನ್ನು ತಂದಿಟ್ಟಿದ್ದಾನೆ ಎಂದು ಸುದ್ದಿ. ಭಾನುವಾರ ಅವಳನ್ನೂ ಕರೆದುಕೊಂಡು ಹೋದೆ. ಅಂಗಡಿಯ ಹೊಸಿಲಿಗೆ ಎಡಪಕ್ಕದಲ್ಲಿ ಒಂದು ಟೇಬಲ್ ಫ್ಯಾನು ಇಟ್ಟಿದ್ದರು. ಅವಳು ನೇರ ಹೋಗಿ ಅದಕ್ಕೆ ಡಿಕ್ಕಿ ಹೊಡೆದಳು. ಫ್ಯಾನು ಉರುಳಿತು. “ಕಣ್ಬಿಟ್ಕೊಂಡು ನಡೆಯೋಕಾಗಲ್ವಾ?” ಎಂದು ಅಂಗಡಿಯವನ ಎದುರಿಗೇ ಗದರಿದೆ. ಅವಳು ಬಗ್ಗಿ ಮೊಣಕಾಲು ನೀವಿಕೊಂಡಳು.

ಹಳೆಯ ಎಲ್‌ಸಿಡಿಯಲ್ಲಿ ಸತ್ತ ಚುಕ್ಕಿ ಇದೆಯೇ ಎಂದು ನೋಡಬೇಕು ಎಂಬುದನ್ನು ಅಷ್ಟು ಹೊತ್ತಿಗೆ ನಾನು ಕಲಿತಿದ್ದೆ. ಪರದೆ ಪೂರ್ತಿ ಬಿಳಿ ಮಾಡಿಸಿದೆ. ಎಡಗಡೆ, ಮೇಲೆ, ಎಳ್ಳು ಕಾಳಿನಷ್ಟು ಕಪ್ಪು ಚುಕ್ಕಿ. ಸಿಕ್ಕಿತಲ್ಲ ಹಿಡಿತ! ಇದನ್ನು ತೋರಿಸಿಯೇ ಐನೂರು ಇಳಿಸಬಹುದು. “ನೋಡೇ, ಇಲ್ಲಿ ಚುಕ್ಕಿ ಇದೆ ನೋಡು” ಎಂದು ಅವಳ ಬೆಂಬಲ ಕೇಳಿದೆ. ಅವಳು ಮೂಗು ತಾಗುವಷ್ಟು ಹತ್ತಿರ ಬಗ್ಗಿ ಹುಡುಕಿದಳು.

“ಎಲ್ಲಿ? ನಂಗೇನೂ ಕಾಣ್ತಿಲ್ವಲ್ಲ.”

ಅಂಗಡಿಯವನು ಕುಣಿದುಬಿಟ್ಟ. “ಕೆಲ್ಸ ಮಾಡೋ ಅಮ್ಮಾವ್ರಿಗೇ ಕಾಣ್ತಿಲ್ಲ ಅಂದ್ಮೇಲೆ ಚುಕ್ಕಿ ಎಲ್ಲೈತೆ ಬುಡಿ ಸಾರ್!”

ವಾಪಸು ಬರುವ ಬಸ್ಸಿನಲ್ಲಿ ನಾನು ಅವಳ ಜೊತೆ ಮಾತಾಡಲಿಲ್ಲ. ಚೌಕಾಸಿಯ ನಡುವೆ ಹೆಂಡತಿಯೇ ಕೈಕೊಟ್ಟರೆ ಏನು ಮಾಡುವುದು ಎಂದು ಕುದಿಯುತ್ತಿದ್ದೆ. ಅವಳು ಕಿಟಕಿಯ ಕಡೆ ತಿರುಗಿ, “ನಿಜವಾಗ್ಲೂ ಕಾಣ್ಲಿಲ್ಲ ಕಣ್ರೀ” ಎಂದಳು. ನಾನು, “ಆಯ್ತು ಬಿಡು” ಎಂದೆ.

ಕುಣಿಗಲ್ಲಿಗೆ ಹೋದದ್ದು ಗೌರಿ ಹಬ್ಬಕ್ಕೆ. ತವರಿನ ಬಾಗಿನದ ಜೊತೆಗೆ ನನ್ನ ಮೂರನೆಯ ಕೊಟೇಶನ್ನೂ ಆಗಲಿ ಎಂದು. ಅಲ್ಲಿದ್ದದ್ದು ಒಂದೇ ಅಂಗಡಿ. ಅವನ ಹತ್ತಿರ ಎಲ್‌ಸಿಡಿ ಇರಲಿಲ್ಲ, ತರಿಸಿಕೊಡುತ್ತೇನೆ ಎಂದ. ಬೆಲೆ ಕೇಳಿದರೆ ತುಮಕೂರಿಗಿಂತ ಹೆಚ್ಚು. ಇರಲಿ, ಕೊಟೇಶನ್ ಅಂದರೆ ಕೊಟೇಶನ್. ಮನೆಗೆ ಬಂದಾಗ ಅತ್ತೆ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. “ಏನವ್ವ, ಕಟ್ಟಿಗೆ ಹೊರೆ ಹೊತ್ತಂಗೆ ಹುಬ್ಬು ಗಂಟಾಕ್ಕೊಂಡಿದ್ದೀಯ. ಅಳಿಯಂದ್ರೆ, ನಮ್ ಹುಡ್ಗಿ ಕಣ್ಣು ಹೆಂಗೈತೆ ಈಗ?” ಎಂದು ಕೇಳಿದರು.

“ತಂಪಿನ ಮಾನಿಟರ್ ಕೊಡಿಸ್ತಾ ಇದೀನಿ ಅತ್ತೆ. ಇನ್ನೇನು, ಬಂದೇ ಬಿಡ್ತು” ಎಂದೆ. ಅವರಿಗೆ ಅದೇನೆಂದು ತಿಳಿಯಲಿಲ್ಲ, ಆದರೂ ಸಮಾಧಾನವಾಯಿತು. ನಾನು ಹಾಗೆ ಹೇಳುವಾಗ ಅಷ್ಟು ಧೈರ್ಯವಾಗಿ ಹೇಳುತ್ತಿದ್ದೆ.

ಹಾಳೆ ತುಂಬಿತು. ಅಳೆದೂ ಸುರಿದೂ, ದಸರೆಗೆ ನಾಲ್ಕು ದಿನ ಮುಂಚೆ, ತುಮಕೂರಿನ ಸಾಹೇಬರ ಅಂಗಡಿಯಲ್ಲೇ, ಮೊದಲ ದಿನ ಅವರು ತೋರಿಸಿದ ಹದಿನೇಳು ಇಂಚಿನದನ್ನೇ ತಂದೆ. ಬೆಲೆ ಸುಮಾರು ಎಂಟುನೂರು ಇಳಿದಿತ್ತು. ಗೆದ್ದೆ ಎಂದುಕೊಂಡೆ. ಹಳೆಯ ಡಬ್ಬವನ್ನು ಅಟ್ಟದ ಮೇಲಿಟ್ಟೆವು. ಅದಿದ್ದ ಜಾಗದಲ್ಲಿ ಹೊಸದು ಪಂಚಾಂಗದ ಹಾಗೆ ತೆಳ್ಳಗೆ ನಿಂತಿತು. ಕೆಳಮನೆಯವರು ಬಂದು ಬೆರಳಲ್ಲಿ ಒತ್ತಿ ನೋಡಿದರು, ಒತ್ತಿದ ಕಡೆ ಬಣ್ಣ ಕದಡಿತು, ನಾನು ಹೌಹಾರಿದೆ. ಆಯುಧ ಪೂಜೆಯ ದಿನ ಪರದೆಗೆ ವಿಭೂತಿ ಹಚ್ಚಲು ಬಿಡದೆ, ಹಿಂದಿನ ಪ್ಲಾಸ್ಟಿಕ್ಕಿಗೆ ಕುಂಕುಮ ಇಡಿಸಿದೆ.

“ಹೆಂಗಿದೆ?” ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ.

“ಚೆನ್ನಾಗಿದೆ.”

“ತಂಪಾಗಿದೆ ತಾನೆ?”

“ಹ್ಞೂಂ, ತಂಪಾಗಿದೆ.”

ಆದರೆ ತಪ್ಪುಗಳು ನಿಲ್ಲಲಿಲ್ಲ. ಸಾಲಿನ ಮೊದಲ ಅಕ್ಷರಗಳೇ ಬಿಟ್ಟುಹೋಗುತ್ತಿದ್ದವು. ಬೆಳಕು ಹೆಚ್ಚಿಸಿದೆ, ಕಡಿಮೆ ಮಾಡಿದೆ. ಅಕ್ಷರ ದಪ್ಪ ಮಾಡಿದೆ. ಮೇಜನ್ನು ಕಿಟಕಿಯಿಂದ ಸರಿಸಿ ಗೋಡೆಗೆ ಹಾಕಿದೆ. ಒಂದು ಮಧ್ಯಾಹ್ನ ಅವಳು ಮೌಸನ್ನು ಗಿರಗಿರ ಆಡಿಸುತ್ತ, “ಬಾಣ ಎಲ್ಲೋಯ್ತು? ರೀ, ಈ ಬಾಣ ಎಲ್ಲೋಯ್ತು ನೋಡಿ” ಎಂದು ಕೂಗಿದಳು. ಬಾಣ ಅಲ್ಲೇ ಇತ್ತು, ಪರದೆಯ ಎಡ ಅಂಚಿನಲ್ಲಿ, ಅಲುಗಾಡುತ್ತ. ಅವಳ ದನಿಯಲ್ಲಿ ಅಳುವಿತ್ತು. ನನಗೆ ರೇಗಿಹೋಯಿತು, ಅವಳ ಮೇಲಲ್ಲ, ಸಾಹೇಬರ ಮೇಲೆ. ಕೆಟ್ಟ ಮಾಲು ಕೊಟ್ಟು ಟೋಪಿ ಹಾಕಿದ್ದಾರೆ, ಎಡಗಡೆ ಸರಿಯಿಲ್ಲ ಎಂದು ಫೋನು ಮಾಡಿ ಬಾಯಿಗೆ ಬಂದಂತೆ ಅಂದೆ.

ಸಾಹೇಬರು ಅಂಗಡಿ ಬಿಟ್ಟು ಸ್ವತಃ ಮನೆಗೆ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದು, ಪರದೆಯನ್ನು ಬಿಳಿ ಮಾಡಿದರು, ಕಪ್ಪು ಮಾಡಿದರು, ಕೆಂಪು ಮಾಡಿದರು. ಎಡಗಡೆ ಒಂದು ಕುಂದೂ ಇರಲಿಲ್ಲ. ಆಮೇಲೆ ಅವರು ಮಾನಿಟರ್ ನೋಡುವುದನ್ನು ಬಿಟ್ಟರು. ಕುರ್ಚಿಯಲ್ಲಿದ್ದ ಅವಳ ಎಡಪಕ್ಕಕ್ಕೆ ಸದ್ದಿಲ್ಲದೆ ಸರಿದು ನಿಂತು, ಜೇಬಿನ ಟೆಸ್ಟರನ್ನು ಅವಳ ಕಿವಿಯ ಹತ್ತಿರದಿಂದ ನಿಧಾನವಾಗಿ ಮುಂದಕ್ಕೆ ತಂದರು.

“ಅಕ್ಕ, ನೇರ ನೋಡಿ. ನನ್ ಕೈ ಕಂಡಾಗ ಹೇಳಿ.”

ಟೆಸ್ಟರು ಅವಳ ಕೆನ್ನೆ ದಾಟಿತು. ಹುಬ್ಬು ದಾಟಿತು. ಅವಳು ಹೇಳಲಿಲ್ಲ. ಹತ್ತಿರ ಹತ್ತಿರ ಮೂಗಿನ ನೇರಕ್ಕೆ ಬಂದಾಗ, “ಹಾಂ, ಬಂತು” ಎಂದಳು.

ಸಾಹೇಬರು ಟೆಸ್ಟರನ್ನು ಜೇಬಿಗೆ ಹಾಕಿಕೊಂಡರು. ನನ್ನನ್ನು ಹೊರಗೆ ಕರೆಯಲಿಲ್ಲ, ಅವಳೆದುರಿಗೇ ಹೇಳಿದರು: “ಸಾರ್, ಮಾನಿಟರ್ ಸರಿಯಾಗೈತೆ. ಅಕ್ಕನ್ನ ಕಣ್ ಡಾಕ್ಟ್ರ ಹತ್ರ ಕರ್ಕೊಂಡೋಗಿ. ಇವತ್ತೇ ಹೋಗಿ. ನಮ್ ಅಮ್ಮೀಗೂ ಹಿಂಗೇ ಆಗಿತ್ತು, ನಾವೂ ಲೇಟ್ ಮಾಡ್ಬುಟ್ವಿ.”

ಕಣ್ಣಿನ ಕ್ಲಿನಿಕ್ಕು ನಮ್ಮ ಮನೆಯಿಂದ ನಾಲ್ಕು ಕಟ್ಟಡ ಆಚೆಗಿತ್ತು. ದಿನಾ ಬಸ್ಸಿಗೆ ಹೋಗುವಾಗ ಅದರ ಬೋರ್ಡಿನ ಕೆಳಗೇ ನಾನು ನಿಲ್ಲುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ. ಡಾಕ್ಟರಮ್ಮ ಕಣ್ಣಿನ ಒತ್ತಡ ಅಳೆದರು. ಇನ್ನೊಂದು ಯಂತ್ರದೊಳಗೆ ಅವಳ ಗಲ್ಲ ಇಡಿಸಿ, ಕೈಗೊಂದು ಗುಂಡಿ ಕೊಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಒತ್ತಲು ಹೇಳಿದರು. ನಾನು ಪಕ್ಕದಲ್ಲಿ ಕೂತಿದ್ದೆ. ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು. ಅವಳ ಹೆಬ್ಬೆರಳು ಗುಂಡಿಯ ಮೇಲೆ ಕಾಯುತ್ತ ಇತ್ತು, ಒತ್ತುತ್ತಿರಲಿಲ್ಲ. ಒತ್ತೇ, ಒತ್ತೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಪರೀಕ್ಷೆ ಬರೆಯುವ ಮಗುವಿನ ಪಕ್ಕ ಕೂತ ಹಾಗಿತ್ತು, ಹೇಳಿಕೊಡುವ ಹಾಗಿಲ್ಲ.

ಡಾಕ್ಟರಮ್ಮ ಮುದ್ರಿತ ಹಾಳೆ ತೋರಿಸಿದರು. ಎರಡು ದುಂಡು ಚಿತ್ರ. ಒಂದು ಬಹುಪಾಲು ಕಪ್ಪು, ಇನ್ನೊಂದರಲ್ಲಿ ಒಂದು ಪಕ್ಕ ಕಪ್ಪು.

“ಇದು ಗ್ಲಾಕೋಮಾ. ಕಣ್ಣೊಳಗೆ ಪ್ರೆಶರ್ ಜಾಸ್ತಿಯಾಗಿ ನರ ಸಾಯ್ತಾ ಬರುತ್ತೆ. ಎಡಗಣ್ಣು ಮುಕ್ಕಾಲು ಹೋಗಿದೆ. ಬಲಗಣ್ಣಲ್ಲೂ ಮೂಗಿನ ಕಡೆಯದು ಹೋಗಿದೆ, ಅದಕ್ಕೇ ಎಡಗಡೆದು ಯಾವುದೂ ಕಾಣ್ತಿಲ್ಲ.”

“ಕಣ್ಣಿಗೂ ಬಿಪಿ ಬರುತ್ತಾ ಮೇಡಂ?” ಎಂದು ಪೆದ್ದನಂತೆ ಕೇಳಿದೆ.

“ಹಾಗೇ ಅಂದ್ಕೊಳ್ಳಿ.”

“ಎಷ್ಟು ದಿನಕ್ಕೆ ವಾಸಿಯಾಗುತ್ತೆ?”

“ಹೋಗಿದ್ದು ವಾಪಸ್ ಬರಲ್ಲ. ಲೇಸರ್ ಮಾಡಿ, ಡ್ರಾಪ್ಸ್ ಹಾಕಿ, ಇರೋದನ್ನ ಉಳಿಸ್ಕೋಬೇಕು, ಅಷ್ಟೇ.”

ಇನ್ನೊಂದು ಕಡೆ ತೋರಿಸಬಹುದೇ ಎಂದು ಕೇಳಿದೆ. ಆ ಘಳಿಗೆಯಲ್ಲೂ ನನ್ನ ಬಾಯಿಂದ ಬಂದದ್ದು ಅದೇ. ಡಾಕ್ಟರಮ್ಮ ಬೇಸರ ಮಾಡಿಕೊಳ್ಳಲಿಲ್ಲ. “ಎಷ್ಟು ಕಡೆ ಬೇಕಾದರೂ ತೋರಿಸಿ. ಆದರೆ ಡ್ರಾಪ್ಸ್ ಇವತ್ತಿನಿಂದಲೇ ಹಾಕಿ” ಎಂದರು. ತೋರಿಸಿದೆ ಕೂಡ. ಬೆಂಗಳೂರಿನಲ್ಲಿ ಎರಡು ಕಡೆ. ಎಲ್ಲರೂ ಹೇಳಿದ್ದು ಒಂದೇ ಮಾತು, ಸುತ್ತು ಹಾಕಿ ಆರಿಸಿಕೊಳ್ಳಲು ಏನೂ ಇರಲಿಲ್ಲ.

ಅವತ್ತು ಕ್ಲಿನಿಕ್ಕಿನ ಹೊರಗೆ, ಮೊದಲ ಹನಿ ಹಾಕಿಸಿಕೊಂಡು ಅವಳು ಕಣ್ಣು ಮುಚ್ಚಿ ಬೆಂಚಿನ ಮೇಲೆ ಕೂತಿದ್ದಳು. ಹೆದ್ದಾರಿಯ ಕಡೆಯಿಂದ ಲಾರಿಗಳ ಸದ್ದು ಬರುತ್ತಿತ್ತು. ನಾನು ಕೈ ಚೆಲ್ಲಿ ಪಕ್ಕದಲ್ಲಿ ಕೂತೆ. ಏನಾದರೂ ಮಾಡಬೇಕಿತ್ತು, ಮಾಡಲು ಏನೂ ಉಳಿದಿರಲಿಲ್ಲ. ಹೆದರಿಕೆಗೆ ಯಾವಾಗಲೂ ಸಿಟ್ಟಿನ ಬಾಯಿ ನನಗೆ.

“ಇಷ್ಟು ಆಗೋವರೆಗೂ ಬಾಯಿ ಮುಚ್ಕೊಂಡಿದ್ದೀಯಲ್ಲ, ನಂಗೊಂದು ಮಾತು ಹೇಳ್ಬಾರ್ದಿತ್ತಾ?” ಎಂದೆ.

ಅವಳು ಕಣ್ಣು ತೆರೆಯಲಿಲ್ಲ. ಮುಚ್ಚಿದ ರೆಪ್ಪೆಯಿಂದ ಔಷಧಿಯೋ ನೀರೋ ಕೆನ್ನೆಗಿಳಿದದ್ದನ್ನು ಸೆರಗಿನಲ್ಲಿ ಒತ್ತಿಕೊಂಡಳು.

“ಹೇಳ್ದೆನಲ್ಲ. ಕಾಣ್ತಿಲ್ಲ ಅಂತ ಎಷ್ಟ್ ಸಲ ಹೇಳ್ದೆ. ಹೇಳ್ದಾಗೆಲ್ಲ ನೀವು ಇನ್ನೊಂದ್ ಅಂಗ್ಡಿಗೆ ಕರ್ಕೊಂಡೋದ್ರಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು.